ಹಾಯೆನಿಸಿದ್ದು ಬೇರೆ, ವಾಸಿಯಾದದ್ದು ಬೇರೆ

ಎಲ್ಲರಿಗೂ ನಮಸ್ಕಾರ. ಪೀಠಿಕೆ ಹಾಕದೆ ನೇರವಾಗಿ ಒಂದು ಪ್ರಯೋಗದಿಂದಲೇ ಶುರು ಮಾಡುತ್ತೇನೆ. ಇವತ್ತು ನಾನು ಹೇಳಬೇಕಾದ ಮಾತಿನ ಮುಕ್ಕಾಲು ಪಾಲು ಅದರಲ್ಲೇ ಇದೆ.

2011ರಲ್ಲಿ ಅಮೆರಿಕದ ಸಂಶೋಧಕರು ಅಸ್ತಮಾ ಇರುವವರ ಜೊತೆ ಈ ಪ್ರಯೋಗ ಮಾಡಿದರು. ಕೊನೆಯವರೆಗೂ ಉಳಿದವರು 39 ಜನ. ಒಬ್ಬೊಬ್ಬರೂ 12 ಸಲ ಬಂದರು. ಒಂದು ಸಲ ನಿಜವಾದ ಔಷಧಿ ಇರುವ ಇನ್ಹೇಲರ್ ಕೊಟ್ಟರು. ಇನ್ನೊಂದು ಸಲ ನೋಡೋಕೆ ಅದೇ ಥರ ಇರುವ, ಔಷಧಿ ಇಲ್ಲದ ಇನ್ಹೇಲರ್. ಮತ್ತೊಂದು ಸಲ ಹುಸಿ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚಿದಂತೆ ಅನಿಸುತ್ತದೆ, ಆದರೆ ಚರ್ಮದ ಒಳಗೆ ಹೋಗುವುದಿಲ್ಲ. ಇನ್ನೊಂದು ಸಲ ಏನೂ ಇಲ್ಲ, ಸುಮ್ನೆ ಕೂತಿದ್ದು ಹೋಗುವುದು. ಯಾವ ದಿನ ಯಾವುದು ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸಿದ್ದರು.

ಪ್ರತಿ ಸಲವೂ ಎರಡು ಲೆಕ್ಕ ಹಿಡಿದರು. ಒಂದು ಯಂತ್ರದ ಲೆಕ್ಕ. ಜೋರಾಗಿ ಉಸಿರು ಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬರುತ್ತದೆ ಅಂತ ಅಳೆಯುವುದು. ಇನ್ನೊಂದು ರೋಗಿಯ ಮಾತು. ನಿಮಗೆ ಎಷ್ಟು ಸುಧಾರಿಸಿದಂತೆ ಅನಿಸುತ್ತಿದೆ ಅಂತ ಕೇಳುವುದು.

ಯಂತ್ರದ ಲೆಕ್ಕದಲ್ಲಿ ನಿಜವಾದ ಇನ್ಹೇಲರ್‌ನಿಂದ ಶೇ. 20ರಷ್ಟು ಸುಧಾರಣೆ ಕಂಡಿತು. ಉಳಿದ ಮೂರರಲ್ಲೂ ಸುಮಾರು ಶೇ. 7. ಹುಸಿ ಇನ್ಹೇಲರ್, ಹುಸಿ ಸೂಜಿ, ಸುಮ್ನೆ ಕೂರುವುದು, ಮೂರಕ್ಕೂ ವ್ಯತ್ಯಾಸವೇ ಇಲ್ಲ. ಈಗ ರೋಗಿಗಳು ಏನು ಹೇಳಿದರು ನೋಡಿ. ನಿಜವಾದ ಇನ್ಹೇಲರ್‌ನಿಂದ ಶೇ. 50ರಷ್ಟು ಸುಧಾರಿಸಿತು ಅಂದರು. ಹುಸಿ ಇನ್ಹೇಲರ್‌ನಿಂದ ಶೇ. 45. ಹುಸಿ ಸೂಜಿಯಿಂದ ಶೇ. 46. ಸುಮ್ನೆ ಕೂತಾಗ ಶೇ. 21.

ಅವರು ಯಾರೂ ಸುಳ್ಳು ಹೇಳಿರಲಿಲ್ಲ. ಎದೆ ಹಗುರಾದದ್ದು ಅವರ ಪಾಲಿಗೆ ನಿಜ. ಆದರೆ ಶ್ವಾಸನಾಳ ತೆರೆದಿರಲಿಲ್ಲ. ಇದೇ ಪ್ರಯೋಗವನ್ನು ಯಂತ್ರವಿಲ್ಲದೆ ಮಾಡಿದ್ದರೆ, ಹುಸಿ ಅಕ್ಯುಪಂಕ್ಚರ್ ಇನ್ಹೇಲರ್‌ನಷ್ಟೇ ಒಳ್ಳೆಯದು ಅನ್ನುವ ತೀರ್ಮಾನಕ್ಕೆ ಬರುತ್ತಿದ್ದೆವು. ಅದನ್ನು ನಂಬಿ ಯಾರಾದರೂ ಇನ್ಹೇಲರ್ ಬದಿಗಿಟ್ಟರೆ ಜೀವಕ್ಕೇ ಅಪಾಯ. ಹಾಗೆಯೇ ರೋಗಿಯನ್ನು ಕೇಳದೆ ಯಂತ್ರವನ್ನು ಮಾತ್ರ ನೋಡಿದ್ದರೆ, ಗಮನ ಕೊಟ್ಟು ಆರೈಕೆ ಮಾಡಿದಾಗ ಮನುಷ್ಯನ ಒದ್ದಾಟ ಎಷ್ಟು ಕಡಿಮೆಯಾಗುತ್ತದೆ ಅನ್ನುವುದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹಾಗಾಗಿ ಯೋಗ ಇರಲಿ, ಧ್ಯಾನ ಇರಲಿ, ಗಿಡಮೂಲಿಕೆ ಇರಲಿ, ಯಾವುದೇ ಪದ್ಧತಿಯ ಬಗ್ಗೆ "ಇದು ಕೆಲಸ ಮಾಡುತ್ತದೆ" ಅಂತ ಯಾರಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಯಾವುದರ ಜೊತೆ ಹೋಲಿಸಿ ಹೇಳುತ್ತಿದ್ದೀರಿ? ಏನನ್ನು ಅಳೆದಿರಿ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇರುತ್ತದೆ.

ಹೋಲಿಕೆ ಯಾಕೆ ಬೇಕು? "ನನಗೇ ವಾಸಿಯಾಗಿದೆ, ಇನ್ಯಾವ ಪುರಾವೆ ಬೇಕು?" ಅಂತ ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬೆನ್ನುನೋವು, ತಲೆನೋವು, ಮಂಡಿನೋವು, ಇವೆಲ್ಲ ಏರುತ್ತವೆ, ಇಳಿಯುತ್ತವೆ. ನಾವು ಚಿಕಿತ್ಸೆ ಹುಡುಕಿಕೊಂಡು ಹೋಗುವುದು ಯಾವಾಗ? ನೋವು ತಡೆಯೋಕೆ ಆಗದಷ್ಟು ಜಾಸ್ತಿಯಾದಾಗ, ಅಲ್ವಾ? ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಅದು ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಆ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಅಸ್ತಮಾ ಪ್ರಯೋಗದಲ್ಲಿ ಸುಮ್ನೆ ಕೂತವರೂ ಶೇ. 21ರಷ್ಟು ಸುಧಾರಣೆ ಹೇಳಿದರಲ್ಲ, ಅದನ್ನು ಮರೆಯಬೇಡಿ.

ಈ ತಪ್ಪು ದೊಡ್ಡ ದೊಡ್ಡವರಿಂದಲೂ ಆಗಿದೆ. 1955ರಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಪ್ಲಸೀಬೊದಿಂದ, ಅಂದರೆ ಔಷಧಿಯ ಅಂಶ ಇಲ್ಲದ ಮಾತ್ರೆಯಿಂದ, ಸರಾಸರಿ ಶೇ. 35ರಷ್ಟು ರೋಗಿಗಳಿಗೆ ಸಮಾಧಾನಕರ ಪರಿಹಾರ ಸಿಗುತ್ತದೆ ಎಂದು ಬರೆದರು. ಆ ಸಂಖ್ಯೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ಓಡಾಡಿತು. ಆದರೆ ಏನೂ ಕೊಡದ ಗುಂಪಿನ ಜೊತೆ ಅದನ್ನು ಹೋಲಿಸಿರಲಿಲ್ಲ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಪ್ಲಸೀಬೊ ಗುಂಪೂ ಇದ್ದ, ಏನೂ ಕೊಡದ ಗುಂಪೂ ಇದ್ದ 114 ಪ್ರಯೋಗಗಳನ್ನು ಹುಡುಕಿ ಒಟ್ಟುಗೂಡಿಸಿದರು. ಯಂತ್ರದಿಂದ ಅಳೆಯಬಹುದಾದ ವಿಷಯಗಳಲ್ಲಿ ಪ್ಲಸೀಬೊದಿಂದ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ರೋಗಿಯೇ ಹೇಳುವ ವಿಷಯಗಳಲ್ಲಿ, ಮುಖ್ಯವಾಗಿ ನೋವಿನಲ್ಲಿ, ಸ್ವಲ್ಪ ಕಂಡಿತು.

ಹಾಗಾದರೆ ಆ "ಸ್ವಲ್ಪ" ಬರೀ ಭ್ರಮೆಯಾ? ಅಲ್ಲ. ಈ ಭಾಗ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೂವರು ಸಂಶೋಧಕರು ಹಲ್ಲು ಕೀಳಿಸಿಕೊಂಡವರ ನೋವನ್ನು ಗಮನಿಸಿದರು. ಕೆಲವರಿಗೆ ಔಷಧಿ ಇಲ್ಲದ ಇಂಜೆಕ್ಷನ್ ಕೊಟ್ಟಾಗಲೂ ನೋವು ಇಳಿಯಿತು. ಅಂಥವರಿಗೆ ನಲಾಕ್ಸೋನ್ ಕೊಟ್ಟರು. ನಲಾಕ್ಸೋನ್ ಅಂದರೆ ಮಾರ್ಫಿನ್‌ನಂಥ ಔಷಧಿಗಳ ಕೆಲಸವನ್ನು ತಡೆಯುವ ವಸ್ತು. ಮಾರ್ಫಿನ್ ಕೊಟ್ಟೇ ಇರಲಿಲ್ಲ. ಆದರೂ ನೋವು ಮತ್ತೆ ಏರಿತು. ಇದರ ಅರ್ಥ ಏನು? ನೋವು ಇಳಿಯುತ್ತದೆ ಅನ್ನುವ ನಿರೀಕ್ಷೆಯಿಂದಲೇ ಅವರ ದೇಹ ತನ್ನದೇ ನೋವುನಿವಾರಕಗಳನ್ನು ಬಿಡುಗಡೆ ಮಾಡಿತ್ತು. ನಲಾಕ್ಸೋನ್ ಅದನ್ನು ತಡೆಹಿಡಿಯಿತು. ನಿರೀಕ್ಷೆ ಅನ್ನುವುದು ಮಿದುಳಿನಲ್ಲಿ ರಾಸಾಯನಿಕವಾಗಿ ನಡೆಯುವ ಸಂಗತಿ ಅನ್ನುವುದಕ್ಕೆ ಅವತ್ತು ಪುರಾವೆ ಸಿಕ್ಕಿತು.

ಇದರ ಇನ್ನೊಂದು ಮುಖ ಇಟಲಿಯ ಟ್ಯೂರಿನ್‌ನಲ್ಲಿ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮತ್ತವರ ಸಂಗಡಿಗರ ಕೆಲಸದಲ್ಲಿದೆ. ಶಸ್ತ್ರಚಿಕಿತ್ಸೆ ಆದವರಿಗೆ ಅದೇ ಪ್ರಮಾಣದ ನೋವಿನ ಔಷಧಿಯನ್ನು ಎರಡು ರೀತಿ ಕೊಟ್ಟರು. ಕೆಲವರಿಗೆ ವೈದ್ಯರು ಹಾಸಿಗೆ ಪಕ್ಕ ನಿಂತು, ಹೇಳಿ ಕೊಟ್ಟರು. ಉಳಿದವರಿಗೆ ಗೊತ್ತೇ ಆಗದಂತೆ ಯಂತ್ರ ಕೊಟ್ಟಿತು. ಗುಟ್ಟಾಗಿ ಕೊಟ್ಟ ಔಷಧಿ ಕಡಿಮೆ ಕೆಲಸ ಮಾಡಿತು. ಔಷಧಿ ಅದೇ, ದೇಹವೂ ಅಂಥದ್ದೇ. ಇಲ್ಲದೇ ಹೋದದ್ದು ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತು "ಈಗ ನೋವು ಕಡಿಮೆಯಾಗುತ್ತದೆ" ಅಂತ ಹೇಳುವುದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರೋಗಿಯ ಜೊತೆ ಆಡುವ ಒಂದು ನಿಮಿಷದ ಮಾತು ಸೌಜನ್ಯವೂ ಹೌದು, ಚಿಕಿತ್ಸೆಯ ಭಾಗವೂ ಹೌದು.

ನಿರೀಕ್ಷೆ ಕೆಡುಕೂ ಮಾಡುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ತೊಂದರೆಯಾಯಿತು ಅಂತ ಬಿಟ್ಟುಬಿಟ್ಟಿದ್ದ 60 ಜನರನ್ನು ಲಂಡನ್ನಿನ ಸಂಶೋಧಕರು ಒಂದು ವರ್ಷ ಗಮನಿಸಿದರು. 2020ರಲ್ಲಿ ಫಲಿತಾಂಶ ಬಂತು. ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಪ್ಲಸೀಬೊ, ನಾಲ್ಕು ತಿಂಗಳು ಏನೂ ಇಲ್ಲ, ಕ್ರಮ ಹಿಂದೆ ಮುಂದೆ. ದಿನಾ ತೊಂದರೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡಬೇಕಿತ್ತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8. ಪ್ಲಸೀಬೊದಲ್ಲಿ 15.4. ಸ್ಟ್ಯಾಟಿನ್‌ನಲ್ಲಿ 16.3. ತೊಂದರೆ ಪಟ್ಟಿದ್ದು ನಿಜ. ಆದರೆ ಅದರ ಬಹುಪಾಲು ಮಾತ್ರೆಯೊಳಗಿನ ಔಷಧಿಯಿಂದ ಬಂದಿರಲಿಲ್ಲ, ಮಾತ್ರೆ ನುಂಗುತ್ತಿದ್ದೇನೆ ಅನ್ನುವ ಅರಿವಿನಿಂದ ಬಂದಿತ್ತು. ಅವರವರ ಲೆಕ್ಕವನ್ನು ಅವರವರಿಗೇ ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು.

ಇಲ್ಲಿಯವರೆಗೆ ನೋವು, ತೊಂದರೆ, ಉಸಿರಾಟದ ಅನುಭವದ ಮಾತಾಯಿತು. ಮನಸ್ಸು ಅದಕ್ಕಿಂತ ಆಳಕ್ಕೆ, ಮಾಂಸಖಂಡಕ್ಕೆ, ರೋಗನಿರೋಧಕ ಶಕ್ತಿಗೆ ತಲುಪುತ್ತದಾ? ತಲುಪುತ್ತದೆ. ಮಾನಸಿಕ ಒತ್ತಡದ ಬಗ್ಗೆ ನಡೆದ ಪ್ರಯೋಗಗಳು ಇದಕ್ಕೆ ಒಳ್ಳೆಯ ಪುರಾವೆ ಕೊಡುತ್ತವೆ. 1991ರಲ್ಲಿ ಷೆಲ್ಡನ್ ಕೋಹೆನ್ ಮತ್ತವರ ತಂಡ ಆರೋಗ್ಯವಂತ 394 ಜನರ ಮೂಗಿಗೆ ನೆಗಡಿಯ ವೈರಸ್ ಹನಿಸಿ ಪ್ರತ್ಯೇಕವಾಗಿ ಇಟ್ಟು ನೋಡಿತು. ಮೊದಲೇ ಅವರ ಬದುಕಿನ ಒತ್ತಡ ಎಷ್ಟು ಅಂತ ಬರೆಸಿಕೊಂಡಿದ್ದರು. ತೀರಾ ಕಡಿಮೆ ಒತ್ತಡದವರಲ್ಲಿ ಶೇ. 27ರಷ್ಟು ಜನಕ್ಕೆ ನೆಗಡಿ ಬಂತು. ತೀರಾ ಜಾಸ್ತಿ ಒತ್ತಡದವರಲ್ಲಿ ಶೇ. 47ರಷ್ಟು ಜನಕ್ಕೆ.

1995ರ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ತಟ್ಟಿದ್ದು. ಮರೆವಿನ ಕಾಯಿಲೆಯ ಬಂಧುವನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ ಅಂಥ ಹೊರೆ ಇಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರ್ ಅಗಲದ ಒಂದೇ ಅಳತೆಯ ಚಿಕ್ಕ ಗಾಯ ಮಾಡಿದರು. ಹೊರೆ ಇಲ್ಲದವರ ಗಾಯ ಪೂರ್ತಿ ಮಾಯಲು ಸರಾಸರಿ 39.3 ದಿನ ಬೇಕಾಯಿತು. ಆರೈಕೆ ಮಾಡುತ್ತಿದ್ದವರಿಗೆ 48.7 ದಿನ. ಒಂಬತ್ತು ದಿನದ ವ್ಯತ್ಯಾಸ. ಚಿಕ್ಕ ಪ್ರಯೋಗ, ಒಪ್ಪುತ್ತೇನೆ. ಆದರೆ ಇಲ್ಲಿ ಅಳೆದದ್ದು ಅನಿಸಿಕೆಯನ್ನಲ್ಲ, ಗಾಯವನ್ನು. ಕಾಯಿಲೆಯವರನ್ನು ನೋಡಿಕೊಳ್ಳುವವರ ಆಯಾಸವನ್ನು ನಾವು ಎಷ್ಟು ಹಗುರವಾಗಿ ತೆಗೆದುಕೊಳ್ಳುತ್ತೇವೆ! ಅವರ ಚರ್ಮ ಕೂಡ ಆ ಭಾರ ಹೊರುತ್ತಿರುತ್ತದೆ.

ಒತ್ತಡ ದೇಹವನ್ನು ಕೆಡಿಸುತ್ತದೆ ಅಂದರೆ, ಒತ್ತಡ ಇಳಿಸಿದರೆ ಎಲ್ಲಾ ಕಾಯಿಲೆ ಹೋಗುತ್ತದೆ ಅನ್ನುವ ತೀರ್ಮಾನಕ್ಕೆ ಬಹಳ ಜನ ಹಾರಿಬಿಡುತ್ತಾರೆ. ಅಲ್ಲಿ ನಿಲ್ಲಬೇಕು. ಅದನ್ನು ಬೇರೆಯಾಗಿಯೇ ಪರೀಕ್ಷೆ ಮಾಡಬೇಕು.

ಮಾಡಿಯೂ ಇದ್ದಾರೆ. ಧ್ಯಾನದ ವಿಷಯ ತೆಗೆದುಕೊಳ್ಳಿ. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಎಂಟು ವಾರಗಳ ಒಂದು ತರಬೇತಿ ಶುರು ಮಾಡಿದರು. ಉಸಿರನ್ನು, ದೇಹವನ್ನು, ಬಂದು ಹೋಗುವ ಯೋಚನೆಗಳನ್ನು ಸುಮ್ಮನೆ ಗಮನಿಸುವ ಅಭ್ಯಾಸ. ಮೈಂಡ್‌ಫುಲ್‌ನೆಸ್ ಅನ್ನುವ ಹೆಸರಿನಲ್ಲಿ ಅದು ಜಗತ್ತಿಗೆಲ್ಲ ಹರಡಿತು. ಇದಕ್ಕೆ ಒಂದು ಅನುಕೂಲ ಇತ್ತು. ಎಂಟು ವಾರ, ನಿಗದಿಯಾದ ಪಾಠ, ನಿಗದಿಯಾದ ಅಭ್ಯಾಸ. ಹಾಗಾಗಿ ಒಂದೇ ವಸ್ತುವನ್ನು ಬೇರೆ ಬೇರೆ ಕಡೆ ಪರೀಕ್ಷೆ ಮಾಡೋಕೆ ಸಾಧ್ಯವಾಯಿತು. 2014ರಲ್ಲಿ ಧ್ಯಾನದ 47 ಪ್ರಯೋಗಗಳನ್ನು, ಸುಮಾರು 3,500 ಜನರ ಲೆಕ್ಕವನ್ನು ಒಟ್ಟಿಗೆ ನೋಡಿದರು. ಆತಂಕ, ಖಿನ್ನತೆ, ನೋವು, ಇವುಗಳಲ್ಲಿ ಸಣ್ಣದರಿಂದ ಮಧ್ಯಮ ಮಟ್ಟದ ಪ್ರಯೋಜನ ಕಂಡಿತು. ಆದರೆ ವ್ಯಾಯಾಮ, ಔಷಧಿ, ಬೇರೆ ಮನೋಚಿಕಿತ್ಸೆಗಳ ಜೊತೆ ಹೋಲಿಸಿದಾಗ ಧ್ಯಾನ ಅವಕ್ಕಿಂತ ಮೇಲು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

"ಅವಕ್ಕಿಂತ ಮೇಲಲ್ಲ" ಅನ್ನುವುದನ್ನು ಸೋಲು ಅಂತ ಓದಬೇಡಿ. ಆತಂಕದ ಕಾಯಿಲೆ ಇದ್ದ 276 ಜನರ ಮೇಲೆ ನಡೆದ ಒಂದು ಅಮೆರಿಕನ್ ಪ್ರಯೋಗದಲ್ಲಿ ಅರ್ಧ ಜನಕ್ಕೆ ಎಸ್ಸಿಟಲೊಪ್ರಾಮ್ ಮಾತ್ರೆ, ಅರ್ಧ ಜನಕ್ಕೆ ಈ ಎಂಟು ವಾರಗಳ ಅಭ್ಯಾಸ. ಕೊನೆಯಲ್ಲಿ ಎರಡೂ ಗುಂಪಿನಲ್ಲಿ ಆತಂಕ ಹೆಚ್ಚುಕಮ್ಮಿ ಒಂದೇ ಸಮ ಇಳಿದಿತ್ತು. ಅಡ್ಡಪರಿಣಾಮ ಹೇಳಿದವರು ಮಾತ್ರೆ ಗುಂಪಿನಲ್ಲಿ ಶೇ. 78.6, ಅಭ್ಯಾಸದ ಗುಂಪಿನಲ್ಲಿ ಶೇ. 15.4. ಮಾತ್ರೆ ಒಗ್ಗದವರಿಗೆ ಇದು ನಿಜವಾದ ಇನ್ನೊಂದು ದಾರಿ. ಆದರೆ ಅವರು ಮಾಡಿದ್ದೇನು ಅನ್ನುವುದನ್ನೂ ನೋಡಿ. ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿ, ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಫೋನಿನಲ್ಲಿ ಮೂರು ನಿಮಿಷ ಕಣ್ಣು ಮುಚ್ಚಿ ಕೂರುವುದಕ್ಕೆ ಈ ಪುರಾವೆಯನ್ನು ಎಳೆದು ತರೋಕಾಗಲ್ಲ.

ಮಕ್ಕಳ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಬ್ರಿಟನ್ನಿನಲ್ಲಿ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟರೆ ಹದಿಹರೆಯದವರ ಮಾನಸಿಕ ಆರೋಗ್ಯ ಸುಧಾರಿಸುತ್ತದಾ ಅಂತ ನೋಡಿದರು. 2022ರಲ್ಲಿ ಬಂದ ಉತ್ತರ: ಮಾಮೂಲಿ ಪಾಠಕ್ಕಿಂತ ಜಾಸ್ತಿ ಪ್ರಯೋಜನ ಏನೂ ಇಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಬೇಕು ಅಂತ ಬಂದ ದೊಡ್ಡವರಿಗೆ ಆದ ಉಪಯೋಗ, ಟೈಮ್‌ಟೇಬಲ್‌ನಲ್ಲಿ ಇದೆ ಅಂತ ಕೂತ ಮಗುವಿಗೂ ಆಗುತ್ತದೆ ಅಂದುಕೊಳ್ಳುವಂತಿಲ್ಲ.

ಈಗ ಯೋಗ. ಬೆನ್ನುನೋವಿಗೆ ಯೋಗ ಒಳ್ಳೆಯದಾ? 2011ರಲ್ಲಿ ಅಮೆರಿಕದ ಸಿಯಾಟಲ್ ಸುತ್ತಮುತ್ತ ಹಳೆಯ ಬೆನ್ನುನೋವಿನ 228 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಯೋಗ ತರಗತಿ, ಇನ್ನೊಂದಕ್ಕೆ ಸ್ನಾಯುಗಳನ್ನು ಎಳೆದು ಹಿಗ್ಗಿಸುವ ಸಾದಾ ವ್ಯಾಯಾಮದ ತರಗತಿ, ಮೂರನೆಯದಕ್ಕೆ ಬೆನ್ನುನೋವಿನ ಬಗ್ಗೆ ಒಂದು ಪುಸ್ತಕ. ಪುಸ್ತಕ ಓದಿದವರಿಗಿಂತ ಯೋಗ ಮಾಡಿದವರು ಚೆನ್ನಾಗಿದ್ದರು. ಸಾದಾ ವ್ಯಾಯಾಮ ಮಾಡಿದವರಿಗೂ ಯೋಗದವರಿಗೂ ವ್ಯತ್ಯಾಸ ಇರಲಿಲ್ಲ. ಹೋಲಿಕೆಯ ಗುಂಪು ಬದಲಾದಾಗ ಉತ್ತರ ಹೇಗೆ ಬದಲಾಯಿತು ನೋಡಿದಿರಾ? "ಯೋಗದಿಂದ ಬೆನ್ನುನೋವು ಕಡಿಮೆಯಾಗುತ್ತದೆ" ಅನ್ನುವುದೂ ನಿಜ. "ಸರಿಯಾಗಿ ಮೈ ಬಗ್ಗಿಸಿದರೆ ಸಾಕು" ಅನ್ನುವುದೂ ನಿಜ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹಳೆಯ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ತಾಯ್ ಚಿ (ಮೈಯನ್ನು ನಿಧಾನವಾಗಿ ಆಡಿಸುವ ಚೀನಾದ ವ್ಯಾಯಾಮ), ಮೈಂಡ್‌ಫುಲ್‌ನೆಸ್ ಇಂಥವನ್ನು ಪ್ರಯತ್ನಿಸಿ ಅಂತ ಸಲಹೆ ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಇವುಗಳಲ್ಲಿ ಯಾವುದನ್ನು ನೀವು ಮುಂದಿನ ವರ್ಷವೂ ಖುಷಿಯಿಂದ ಮಾಡುತ್ತೀರೋ ಅದನ್ನೇ ಆರಿಸಿಕೊಳ್ಳಿ.

ಹೃದಯಾಘಾತ ಆದವರಿಗೆ ಯೋಗದಿಂದ ಏನಾಗುತ್ತದೆ ಅನ್ನುವ ದೊಡ್ಡ ಪ್ರಯೋಗ ನಡೆದದ್ದು ಭಾರತದಲ್ಲೇ. 24 ಆಸ್ಪತ್ರೆಗಳು, 3,959 ರೋಗಿಗಳು, 2020ರಲ್ಲಿ ಫಲಿತಾಂಶ. ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಯೋಗದಿಂದ ಕಡಿಮೆಯಾದವು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗದ ಗುಂಪಿನವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದರು, ಮೊದಲಿನ ಕೆಲಸಕಾರ್ಯಗಳಿಗೆ ಚೆನ್ನಾಗಿ ಮರಳಿದರು. ಹೃದಯಾಘಾತ ಆದವನಿಗೆ ಮೆಟ್ಟಿಲು ಹತ್ತೋಕೂ ಹೆದರಿಕೆ. ಆ ಹೆದರಿಕೆ ಬಿಟ್ಟು ಓಡಾಡುವಂತಾಗುವುದು ಸಣ್ಣ ವಿಷಯವಲ್ಲ. ಅದಕ್ಕಾಗಿ ಯೋಗ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ಮಾತ್ರ ಬಿಡಬೇಡಿ.

ತಾಯ್ ಚಿ ಬಗ್ಗೆ ಒಂದೇ ಮಾತು. ಪಾರ್ಕಿನ್ಸನ್ಸ್ ಕಾಯಿಲೆಯ 195 ಜನರ ಮೇಲೆ 2012ರಲ್ಲಿ ಬಂದ ಪ್ರಯೋಗದಲ್ಲಿ, ಆರು ತಿಂಗಳು ತಾಯ್ ಚಿ ಮಾಡಿದವರ ದೇಹದ ಸಮತೋಲನ ಭಾರ ಎತ್ತುವ ವ್ಯಾಯಾಮ ಮಾಡಿದವರಿಗಿಂತಲೂ ಚೆನ್ನಾಗಿತ್ತು. ಬರೀ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದು ಕಡಿಮೆಯಾಯಿತು. ಇಲ್ಲಿ ಹೋಲಿಕೆಯೂ ಗಟ್ಟಿ, ಅಳತೆಯೂ ಗಟ್ಟಿ.

ಅಕ್ಯುಪಂಕ್ಚರ್ ಕಥೆ ಇಷ್ಟು ಸರಳ ಇಲ್ಲ. ಜರ್ಮನಿಯಲ್ಲಿ ಬೆನ್ನುನೋವಿನ 1,162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಒಳ್ಳೆಯ ಕನ್ನಡಿ. ಸಂಪ್ರದಾಯ ಹೇಳಿದ ಜಾಗಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಆರು ತಿಂಗಳ ನಂತರ ಶೇ. 47.6ರಷ್ಟು ಜನಕ್ಕೆ ಗುಣ ಕಂಡಿತ್ತು. ಆ ಜಾಗಗಳನ್ನು ಬಿಟ್ಟು ಬೇರೆಲ್ಲೋ, ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ವ್ಯಾಯಾಮ ಸೇರಿದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4. ಸೂಜಿ ಬೇಕು ಅನ್ನುವವರು ಮೊದಲ ಮತ್ತು ಕೊನೆಯ ಸಂಖ್ಯೆ ತೋರಿಸುತ್ತಾರೆ. ಬೇಡ ಅನ್ನುವವರು ಮೊದಲ ಎರಡನ್ನು ತೋರಿಸುತ್ತಾರೆ. ಮೂರನ್ನೂ ಒಟ್ಟಿಗೆ ನೋಡಿದರೆ ನನಗೆ ಅನಿಸುವುದಿಷ್ಟು. ಚುಚ್ಚುವ ಬಿಂದುಗಳ ನಕ್ಷೆಗೆ, ದೇಹದಲ್ಲಿ ಶಕ್ತಿಯ ಕಾಲುವೆಗಳು ಹರಿಯುತ್ತವೆ ಅನ್ನುವ ವಿವರಣೆಗೆ ಇಲ್ಲಿ ಬೆಂಬಲ ಇಲ್ಲ. ಆದರೆ ಮಲಗಿಸಿ, ಮುಟ್ಟಿ, ಮಾತಾಡಿಸಿ, ಅರ್ಧ ಗಂಟೆ ಗಮನ ಕೊಡುವ ಒಟ್ಟು ಕ್ರಿಯೆಯಲ್ಲಿ ಏನೋ ಇದೆ. ಮಾಮೂಲಿ ಚಿಕಿತ್ಸೆ ಅದನ್ನು ಕೈಬಿಟ್ಟಿದೆ.

ದೇಹದ ಸುತ್ತ ಇರುವ ಶಕ್ತಿಯನ್ನು ಕೈಯಿಂದ ಸರಿಪಡಿಸುತ್ತೇವೆ ಅನ್ನುವ ಪದ್ಧತಿ ಒಂದಿದೆ, ಥೆರಪ್ಯೂಟಿಕ್ ಟಚ್ ಅಂತ. ರೋಗಿಯನ್ನು ಮುಟ್ಟುವುದಿಲ್ಲ, ಮೈಯಿಂದ ಕೆಲವು ಇಂಚು ಮೇಲೆ ಕೈಯಾಡಿಸುತ್ತಾರೆ. ಇದನ್ನು ಪರೀಕ್ಷೆ ಮಾಡಿದ್ದು ಎಮಿಲಿ ರೋಸಾ ಅನ್ನುವ ಅಮೆರಿಕದ ಹುಡುಗಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಅವಳು ಇದನ್ನು ಶುರು ಮಾಡಿದಾಗ ವಯಸ್ಸು ಒಂಬತ್ತು. ಒಂದು ರಟ್ಟಿನ ಪರದೆ. ಅದರ ಕೆಳಗಿನ ತೂತುಗಳಲ್ಲಿ ಚಿಕಿತ್ಸಕರು ಎರಡೂ ಕೈ ತೂರಿಸಿ ಅಂಗೈ ಮೇಲೆ ಮಾಡಿ ಇಡಬೇಕು. ಆ ಕಡೆ ಕೂತ ಎಮಿಲಿ ನಾಣ್ಯ ಚಿಮ್ಮಿ, ಬಂದ ಮುಖದ ಪ್ರಕಾರ ಅವರ ಎಡಗೈ ಅಥವಾ ಬಲಗೈ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಶಕ್ತಿ ಇದೆ ಅಂತ ಅವರು ಹೇಳಬೇಕು. ಅಷ್ಟೇ. 21 ಚಿಕಿತ್ಸಕರು, 280 ಸಲ. ಸರಿಯಾಗಿ ಹೇಳಿದ್ದು 123 ಸಲ, ಶೇ. 44. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧಕ್ಕರ್ಧ ಸರಿ ಇರುತ್ತಿತ್ತು. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆ ಅದನ್ನು ಪ್ರಕಟಿಸಿತು. ಒಳ್ಳೆಯ ಪರೀಕ್ಷೆಗೆ ದುಡ್ಡೂ ಬೇಡ, ಡಿಗ್ರಿಯೂ ಬೇಡ, ಸರಿಯಾದ ಪ್ರಶ್ನೆ ಬೇಕು. ಈ ಹುಡುಗಿಯ ರಟ್ಟಿನ ಪರದೆಯನ್ನು ನಾನು ಎಲ್ಲಾ ಕಡೆ ಹೇಳುತ್ತಲೇ ಇರುತ್ತೇನೆ.

ಹೋಮಿಯೋಪಥಿಯ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಇದ್ದಬದ್ದ ಪುರಾವೆಯನ್ನೆಲ್ಲ ಪರಿಶೀಲಿಸಿ 2015ರಲ್ಲಿ ಒಂದು ತೀರ್ಮಾನ ಕೊಟ್ಟಿತು. ಇದು ಪರಿಣಾಮಕಾರಿ ಅನ್ನುವುದಕ್ಕೆ ನಂಬಬಹುದಾದ ಪುರಾವೆ ಇರುವ ಒಂದು ಕಾಯಿಲೆಯೂ ಇಲ್ಲ ಅಂತ.

ಕ್ಯಾನ್ಸರ್ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. "ಮನಸ್ಸು ಗಟ್ಟಿ ಮಾಡಿಕೊಂಡರೆ ಕ್ಯಾನ್ಸರ್ ಗೆಲ್ಲಬಹುದು" ಅನ್ನುವ ಮಾತಿನ ಹಿಂದೆ ಒಂದು ನಿಜವಾದ ಅಧ್ಯಯನ ಇದೆ. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗಲ್, ದೇಹದ ಬೇರೆ ಭಾಗಗಳಿಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ ಹೆಂಗಸರ ಬಗ್ಗೆ ಬರೆದರು. ವಾರಕ್ಕೊಮ್ಮೆ ಗುಂಪಾಗಿ ಕೂತು ಭಯ, ದುಃಖ ಹಂಚಿಕೊಂಡವರು ಸರಾಸರಿ 36.6 ತಿಂಗಳು ಬದುಕಿದ್ದರು. ಉಳಿದವರು 18.9 ತಿಂಗಳು. ಹತ್ತಿರ ಹತ್ತಿರ ಎರಡು ಪಟ್ಟು! ಜಗತ್ತೆಲ್ಲ ಸುದ್ದಿಯಾಯಿತು. ಆದರೆ ಅದು 86 ಜನರ ಚಿಕ್ಕ ಅಧ್ಯಯನ. ಕೆನಡಾದಲ್ಲಿ 235 ಹೆಂಗಸರ ಜೊತೆ ಅದನ್ನೇ ಮತ್ತೆ ಮಾಡಿ ನೋಡಿದರು. 2001ರಲ್ಲಿ ಫಲಿತಾಂಶ ಬಂತು. ನೋವು ಕಡಿಮೆಯಾಗಿತ್ತು, ಮನಸ್ಸಿನ ಸಂಕಟ ಇಳಿದಿತ್ತು. ಆಯಸ್ಸು ಮಾತ್ರ ಹೆಚ್ಚಿರಲಿಲ್ಲ. ಸ್ಪೀಗಲ್ ಕೂಡ ಸುಮ್ಮನಿರಲಿಲ್ಲ. 125 ಹೆಂಗಸರ ಜೊತೆ ತಾವೇ ಮತ್ತೆ ಪ್ರಯೋಗ ಮಾಡಿದರು. 2007ರಲ್ಲಿ, ಒಟ್ಟಾರೆ ಆಯಸ್ಸು ಹೆಚ್ಚಲಿಲ್ಲ ಅಂತ ತಾವೇ ಪ್ರಕಟಿಸಿದರು. ತನಗೆ ಹೆಸರು ತಂದ ಫಲಿತಾಂಶವನ್ನೇ ಮತ್ತೆ ಪರೀಕ್ಷೆಗೆ ಒಡ್ಡಿ, ಬಂದ ಉತ್ತರವನ್ನು ಹಾಗೇ ಹೇಳುವವರ ಬಗ್ಗೆ ನನಗೆ ತುಂಬಾ ಗೌರವ.

ಇದರಲ್ಲಿ ರೋಗಿಗಳಿಗೆ ಒಂದು ಬಿಡುಗಡೆಯೂ ಇದೆ. ಕ್ಯಾನ್ಸರ್ ಮರುಕಳಿಸಿದವರಿಗೆ "ನೀನು ಪಾಸಿಟಿವ್ ಆಗಿ ಯೋಚಿಸಲಿಲ್ಲ" ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅದಕ್ಕೆ ಪುರಾವೆಯೂ ಇಲ್ಲ, ಕರುಣೆಯೂ ಇಲ್ಲ.

ಇವೆಲ್ಲ ಚಿಕಿತ್ಸೆಯ ಜೊತೆಗೆ ಮಾಡುವ ಮಾತು. ಚಿಕಿತ್ಸೆಯ ಬದಲಿಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದಾಖಲೆಗಳಿಂದ, ಇನ್ನೂ ದೂರ ಹರಡದ ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಕರುಳಿನ ಕ್ಯಾನ್ಸರ್ ಇದ್ದು, ಪರ್ಯಾಯ ಪದ್ಧತಿಯನ್ನು ಮಾತ್ರ ಆರಿಸಿಕೊಂಡ 281 ಜನರನ್ನು ಗುರುತಿಸಿದರು. ಅಂಥದ್ದೇ ಸ್ಥಿತಿಯಲ್ಲಿದ್ದು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅವರ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದೂವರೆ ಪಟ್ಟಿಗೂ ಜಾಸ್ತಿ. ಗುಣವಾಗಬಹುದಾಗಿದ್ದ ಹಂತದಲ್ಲಿದ್ದವರು ಇವರು. ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಕೊನೆಯದಾಗಿ ಗಿಡಮೂಲಿಕೆ. ಇದು ಮನಸ್ಸಿನ ವಿಷಯವಲ್ಲ, ರಸಾಯನಶಾಸ್ತ್ರದ ವಿಷಯ. ಗಿಡದಲ್ಲಿ ಔಷಧಿ ಇದೆಯಾ? ಧಾರಾಳವಾಗಿ ಇದೆ. ಚೀನಾದ ಟು ಯೂಯೂ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ, ಜ್ವರಕ್ಕೆ ಬಳಸುತ್ತಿದ್ದ ಒಂದು ಗಿಡವನ್ನು ಹಿಡಿದರು. ಎಲೆಯನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಅಂತ ಅಲ್ಲಿ ಬರೆದಿತ್ತು, ಕುದಿಸಿ ಅಂತ ಇರಲಿಲ್ಲ. ಬಿಸಿಯಿಂದ ಅದರ ಸತ್ವ ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸತ್ವ ತೆಗೆದರು. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತಮ್ಮ ಮೇಲೇ, ಆಮೇಲೆ ಮಲೇರಿಯಾ ರೋಗಿಗಳ ಮೇಲೆ ಪರೀಕ್ಷಿಸಿದರು. ಅದರಿಂದ ಬಂದದ್ದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಳೆಯ ಗ್ರಂಥ ದಾರಿ ತೋರಿಸಿತು, ಪರೀಕ್ಷೆ ಅದನ್ನು ಔಷಧಿ ಮಾಡಿತು.

ಕೆಲಸ ಮಾಡುವ ಗಿಡಕ್ಕೆ ಅಡ್ಡಪರಿಣಾಮವೂ ಇರುತ್ತದೆ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆ ಖಿನ್ನತೆಗೆ ಮಾತ್ರೆಗಳಷ್ಟೇ ಕೆಲಸ ಮಾಡುತ್ತದೆ ಅಂತ 29 ಪ್ರಯೋಗಗಳ ಒಟ್ಟು ಲೆಕ್ಕ 2008ರಲ್ಲಿ ಹೇಳಿತು. ಅದೇ ಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಬೇರೆ ಔಷಧಿಗಳನ್ನು ದೇಹದಿಂದ ಬೇಗ ಹೊರಗೆ ಹಾಕಿಸುತ್ತದೆ. ಗರ್ಭನಿರೋಧಕ ಮಾತ್ರೆ, ಎಚ್‌ಐವಿ ಔಷಧಿ, ರಕ್ತ ತೆಳುವಾಗಿಸುವ ಔಷಧಿ, ಎಲ್ಲವೂ ಈ ಪಟ್ಟಿಯಲ್ಲಿವೆ. ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಇದನ್ನು ತೆಗೆದುಕೊಂಡಾಗ, ಕಸಿ ಉಳಿಸುವ ಸೈಕ್ಲೋಸ್ಪೋರಿನ್ ಪ್ರಮಾಣ ರಕ್ತದಲ್ಲಿ ಕುಸಿದು ದೇಹ ಹೊಸ ಹೃದಯವನ್ನು ತಿರಸ್ಕರಿಸೋಕೆ ಶುರು ಮಾಡಿದ್ದು 2000ದಲ್ಲಿ ವರದಿಯಾಗಿದೆ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಪುಡಿಯೊಂದರಲ್ಲಿ ಒಂದು ಗಿಡದ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಎಷ್ಟೋ ಜನಕ್ಕೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. "ನೈಸರ್ಗಿಕ, ಹಾಗಾಗಿ ಅಪಾಯ ಇಲ್ಲ" ಅನ್ನುವ ಮಾತನ್ನು ಇದಾದ ಮೇಲೂ ಹೇಗೆ ಹೇಳುತ್ತಾರೋ.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು. ಅದನ್ನೂ ಇಲ್ಲಿ ಸೇರಿಸುತ್ತೇನೆ. "ಮನೆಯವರಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಅದರ ಜೊತೆಗೆ ಏನು ಮಾಡಿಸಬಹುದು?" ಅಂತ.

ಕ್ಯಾನ್ಸರ್ ವೈದ್ಯರ ಅಂತರರಾಷ್ಟ್ರೀಯ ಸಂಘಗಳೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿವೆ. ಆತಂಕ, ಖಿನ್ನತೆಗೆ ಮೈಂಡ್‌ಫುಲ್‌ನೆಸ್ ಮತ್ತು ಯೋಗ ಅದರಲ್ಲಿವೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಅರೋಮಟೇಸ್ ತಡೆ ಮಾತ್ರೆಗಳಿಂದ, ಅಂದರೆ ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನ್ ಕಡಿಮೆ ಮಾಡುವ ಮಾತ್ರೆಗಳಿಂದ, ಬರುವ ಕೀಲುನೋವಿಗೆ ಅಕ್ಯುಪಂಕ್ಚರ್ ಇದೆ. ಆ ನೋವು ತಾಳಲಾರದೆ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ, ಹಾಗಾಗಿ ಇದು ದೊಡ್ಡ ಉಪಕಾರ. ಯೋಗ ಶುರು ಮಾಡುವ ಮುಂಚೆ ಮೂಳೆಗೆ ಕ್ಯಾನ್ಸರ್ ಹರಡಿದೆಯಾ ಅಂತ ವೈದ್ಯರನ್ನು ಕೇಳಿ, ಹರಡಿದ್ದರೆ ಕೆಲವು ಆಸನ ಮಾಡಬಾರದು. ಬಿಳಿ ರಕ್ತಕಣ ತುಂಬಾ ಕಡಿಮೆ ಇರುವ ದಿನಗಳಲ್ಲಿ ಸೂಜಿ ಬೇಡ, ಸೋಂಕಿನ ಭಯ ಇರುತ್ತದೆ. ಹೊಟ್ಟೆಗೆ ತೆಗೆದುಕೊಳ್ಳುವ ಪುಡಿ, ಕಷಾಯ, ಮಾತ್ರೆ ಏನಿದ್ದರೂ ಹೆಸರು ಹೇಳಿದರೆ ಸಾಲದು, ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಯಾವಾಗಿನಿಂದ, ದಿನಕ್ಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೂ ಅದೇ ಚೀಟಿ ಕೊಡಿ.